ಆಪ್ ಆಟೋ, ಕ್ಯಾಬಲ್ಲಿ ಅನ್ಯಾಯ ಆದ್ರೆ: ತಪ್ಪು ಯಾರದ್ದು ಅಂತ ಕಂಡುಹಿಡಿಯೋದ್ರಿಂದ ಕಂಪ್ಲೇಂಟ್ ಮುಗಿಯೋವರೆಗೂ ಪೂರ್ತಿ ಗೈಡ್

2024ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಒಂದು ವಿಡಿಯೋ ಎಲ್ಲಾ ಕಡೆ ಓಡಾಡ್ತು, ನೆನಪಿರಬಹುದು. ಇಬ್ರು ಫ್ರೆಂಡ್ಸ್ ಬೆಳಗ್ಗೆ ರಶ್ಶಲ್ಲಿ ಒಂದೊಂದು ಆಟೋ ಬುಕ್ ಮಾಡಿದ್ರು, ಒಂದು ಬೇಗ ಬಂತು, ಇನ್ನೊಂದನ್ನ ಕ್ಯಾನ್ಸಲ್ ಮಾಡಿ ಹೊರಟ್ರು. ಕ್ಯಾನ್ಸಲ್ ಆದ ಆಟೋದವನು ಹಿಂದೆ ಬಂದು ಅಡ್ಡ ಹಾಕಿ, ಗ್ಯಾಸ್ ಖರ್ಚು ಯಾರು ಕೊಡ್ತಾರೆ ಅಂತ ಕೂಗಾಡಿ ಯುವತಿಗೆ ಹೊಡೆದ. ಮಾಗಡಿ ರೋಡ್ ಪೊಲೀಸ್ರು ಅವನನ್ನ ಅರೆಸ್ಟ್ ಮಾಡಿದ್ರು, ಮಾಡಲೇಬೇಕಿತ್ತು, ಕೈ ಎತ್ತಿದ್ದಕ್ಕೆ ಯಾವ ಸಬೂಬೂ ಇಲ್ಲ. ಆದ್ರೆ ಆ ವಾರ ಪೂರ್ತಿ ಜನ ಆಟೋದವರು ಹೀಗೆ, ಪ್ಯಾಸೆಂಜರ್‌ಗಳು ಹೀಗೆ ಅಂತ ಕಿತ್ತಾಡಿದ್ರೇ ಹೊರತು ಒಂದು ಪ್ರಶ್ನೆ ಹೆಚ್ಚಿನವರು ಕೇಳ್ಲೇ ಇಲ್ಲ. ಒಂದು ರೈಡ್ ಕ್ಯಾನ್ಸಲ್ ಆದ್ರೆ ಅಲ್ಲಿವರೆಗೂ ಬಂದ ಚಾಲಕನಿಗೆ ಏನು ಸಿಗಬೇಕು, ಯಾರು ಕೊಡಬೇಕು, ಅದನ್ನ ತೀರ್ಮಾನ ಮಾಡೋದು ಯಾರು? ರೂಲ್ ಬರೆದಿರೋದು ಕಂಪನಿ. ಅದು ರಸ್ತೇಲಿ ಇರೋದೇ ಇಲ್ಲ, ರಸ್ತೇಲಿ ಇರೋದು ಚಾಲಕ ಮತ್ತೆ ಪ್ಯಾಸೆಂಜರ್ ಇಬ್ರೇ, ಹಾಗಾಗಿ ಅವರಿಬ್ರೇ ಹೊಡೆದಾಡ್ಕೋತಾರೆ.

ಈ ಗೈಡ್ ಬರೀತಿರೋದು ಅದಕ್ಕೇ. ಓಲಾ, ಊಬರ್, ರಾಪಿಡೋ, ನಮ್ಮ ಯಾತ್ರಿ ಯಾವುದೇ ಇರ್ಲಿ, ಅನ್ಯಾಯ ಆದಾಗ ಮೊದಲು ತಪ್ಪು ಯಾರದ್ದು ಅಂತ ಬಿಡಿಸಿ ನೋಡ್ಬೇಕು, ಆಮೇಲೆ ಸರಿಯಾದ ಕಡೆಗೆ ಕಂಪ್ಲೇಂಟ್ ಹೋಗ್ಬೇಕು. ಕಂಪನಿ ಮಾಡಿದ ತಪ್ಪಿಗೆ ಚಾಲಕನ ಮೇಲೆ ಒಂದು ಸ್ಟಾರ್ ಒತ್ತಿ ಮನೆಗೆ ಹೋದ್ರೆ ನಿಮ್ಮ ದುಡ್ಡೂ ಬರಲ್ಲ, ಅವರ ಹೊಟ್ಟೆಗೂ ಕಲ್ಲು ಬೀಳತ್ತೆ.

1. ನೀವು ಹತ್ತಿರೋ ರೈಡ್ ಯಾವ ಲೆಕ್ಕದ್ದು ಅಂತ ತಿಳ್ಕೊಳ್ಳಿ

ಮೊದಲೆಲ್ಲಾ ಒಂದೇ ಲೆಕ್ಕ ಇತ್ತು. ನೀವು ಕೊಟ್ಟ ದುಡ್ಡಲ್ಲಿ ಕಂಪನಿ ತನ್ನ ಕಮಿಷನ್ ಹಿಡ್ಕೊಂಡು ಉಳಿದಿದ್ದನ್ನ ಚಾಲಕನಿಗೆ ಕೊಡ್ತಿತ್ತು. 2022ರ ನವೆಂಬರಲ್ಲಿ ನಮ್ಮ ಯಾತ್ರಿ ಬಂತು, ಆಟೋ ಚಾಲಕರ ಯೂನಿಯನ್ ಜೊತೆ ಸೇರಿ ಜೂಸ್‌ಪೇ ಅನ್ನೋ ಕಂಪನಿ ಮಾಡಿದ್ದು, ಅದರಲ್ಲಿ ಕಮಿಷನ್ ಇಲ್ಲ, ಚಾಲಕ ದಿನಕ್ಕೆ ಇಷ್ಟು ಅಂತ ಒಂದು ಸಣ್ಣ ಫೀಸ್ ಕಟ್ಟಿದ್ರೆ ಆಯ್ತು. ಬಾಡಿಗೆ ಪೂರ್ತಿ ಅವರಿಗೇ. ಅದು ಬೆಂಗಳೂರಲ್ಲಿ ಹಿಡಿದುಬಿಡ್ತು, ಆಮೇಲೆ ದೊಡ್ಡ ಕಂಪನಿಗಳೂ ಒಂದೊಂದಾಗಿ ಅದೇ ದಾರಿಗೆ ಬಂದ್ವು. ಊಬರ್ 2025ರ ಫೆಬ್ರವರಿಯಿಂದ ಆಟೋಗೆ ಕಮಿಷನ್ ಬಿಟ್ಟು ದುಡ್ಡು ನೇರವಾಗಿ ಚಾಲಕನಿಗೇ ಕೊಡಿ ಅಂತು, ಅದೇ ವರ್ಷ ಜೂನಲ್ಲಿ ಓಲಾ ಕೂಡ ಜೀರೋ ಕಮಿಷನ್ ಅಂತ ಘೋಷಿಸ್ತು.

ಇದರಿಂದ ನಿಮಗೇನು ಅಂದ್ರೆ, ಕಮಿಷನ್ ಲೆಕ್ಕದಲ್ಲಿ ಕಂಪನಿ ನಿಮ್ಮ ಕೈಯಿಂದ ದುಡ್ಡು ತಗೊಂಡಿರತ್ತೆ, ರೀಫಂಡ್ ಕೇಳೋದು ಸುಲಭ. ಜೀರೋ ಕಮಿಷನ್ ಲೆಕ್ಕದಲ್ಲಿ ಕಂಪನಿ "ನಾವು ಬರೀ ಇಬ್ರನ್ನೂ ಪರಿಚಯ ಮಾಡಿಸಿದ್ವಿ, ರೇಟ್ ನಿಮ್ಮಿಬ್ರ ಮಧ್ಯೆ" ಅಂತ ಜಾರ್ಕೊಳ್ಳೋಕೆ ದಾರಿ ಇಟ್ಕೊಂಡಿರತ್ತೆ. ಚಾಲಕರಿಗೆ ಈ ಬದಲಾವಣೆ ನಿಜಕ್ಕೂ ಒಳ್ಳೇದಾಗಿದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ರೈಡ್ ಹುಡುಕಿ ಕೊಟ್ಟಿದ್ದು, ರೇಟ್ ತೋರಿಸಿದ್ದು, ಮ್ಯಾಪಲ್ಲಿ 3 ನಿಮಿಷ ಅಂತ ಬರೆದಿದ್ದು ಎಲ್ಲಾ ಆಪೇ ಆಗಿರುವಾಗ ಜವಾಬ್ದಾರಿ ಮಾತ್ರ ನಮ್ಮದಲ್ಲ ಅನ್ನೋದು ನ್ಯಾಯ ಅಲ್ಲ. ಬುಕ್ ಮಾಡೋವಾಗ ರೇಟ್ ಕೆಳಗೆ ಸಣ್ಣ ಅಕ್ಷರದಲ್ಲಿ "ಚಾಲಕರಿಗೆ ನೇರವಾಗಿ ಕೊಡಿ" ಅಂತ ಇದೆಯಾ ಒಂದ್ಸಲ ಕಣ್ಣು ಹಾಯ್ಸಿ. ಮುಂದೆ ಕಂಪ್ಲೇಂಟ್ ಯಾವ ರೀತಿ ಬರೀಬೇಕು ಅನ್ನೋದು ಅದರ ಮೇಲೆ ನಿಂತಿರತ್ತೆ.

2. ಸರ್ಕಾರದ ರೇಟ್ ಬಾಯಿಪಾಠ ಮಾಡ್ಕೊಳ್ಳಿ

ಇದು ಗೊತ್ತಿಲ್ದೆ ಜಗಳಕ್ಕೆ ಇಳೀಬೇಡಿ. ಬೆಂಗಳೂರಲ್ಲಿ 2025ರ ಆಗಸ್ಟ್ 1ರಿಂದ ಆಟೋ ಮೀಟರ್ ರೇಟ್ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. ವೇಟಿಂಗ್ ಮೊದಲ 5 ನಿಮಿಷ ಫ್ರೀ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಲಗೇಜ್ 20 ಕೆಜಿವರೆಗೆ ಫ್ರೀ.

ಲೆಕ್ಕ ಹಾಕಿ ನೋಡಿ. 7 ಕಿಲೋಮೀಟರ್ ಹೋಗ್ಬೇಕು ಅಂದ್ರೆ 36 ಪ್ಲಸ್ 5 ಇಂಟು 18, ಒಟ್ಟು 126. ರಾತ್ರಿ ಆದ್ರೆ 189. ಆಪ್ ಮೂಲಕ ಹೋದ್ರೆ ಸರ್ಕಾರ 2022ರ ನವೆಂಬರಲ್ಲಿ ಮಾಡಿದ ಆದೇಶದ ಪ್ರಕಾರ ಇದರ ಮೇಲೆ 5 ಪರ್ಸೆಂಟ್ ಸರ್ವಿಸ್ ಚಾರ್ಜು ಮತ್ತೆ ಜಿಎಸ್‌ಟಿ ಅಷ್ಟೇ, ಅದನ್ನ ಕಂಪನಿಗಳು ಹೈಕೋರ್ಟಲ್ಲಿ ಪ್ರಶ್ನೆ ಮಾಡಿ 2024ರ ಮೇನಲ್ಲಿ ಸೋತ್ವು. ಅಂದ್ರೆ ಹಗಲು ಹೊತ್ತಲ್ಲಿ ಆ 126ರ ರೈಡ್ ಎಲ್ಲಾ ಸೇರಿ 140ರ ಒಳಗೇ ಇರ್ಬೇಕು. ನಿಮ್ಮ ಆಪಲ್ಲಿ 210 ತೋರಿಸ್ತಿದ್ರೆ ಅದು ಚಾಲಕ ಕೇಳಿದ ರೇಟ್ ಅಲ್ಲ, ಆಪ್ ತೋರಿಸಿದ ರೇಟು. ಇದನ್ನ ನೆನಪಿಟ್ಕೊಳ್ಳಿ, ತಪ್ಪು ಯಾರದ್ದು ಅಂತ ನೋಡುವಾಗ ಬೇಕಾಗತ್ತೆ.

ಟ್ಯಾಕ್ಸಿಗೆ 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಒಂದೇ ರೀತಿಯ ರೇಟ್ ತಂತು, ಆಪ್ ಟ್ಯಾಕ್ಸಿಗೂ ಮಾಮೂಲಿ ಸಿಟಿ ಟ್ಯಾಕ್ಸಿಗೂ ಸೇರಿ. 10 ಲಕ್ಷದ ಒಳಗಿನ ಬೆಲೆಯ ಗಾಡಿಗೆ ಮೊದಲ 4 ಕಿಲೋಮೀಟರಿಗೆ 100, ಆಮೇಲೆ ಕಿಲೋಮೀಟರಿಗೆ 24. 10ರಿಂದ 15 ಲಕ್ಷದ ಗಾಡಿಗೆ 115 ಮತ್ತೆ 28, ಅದಕ್ಕಿಂತ ಮೇಲಿಂದಕ್ಕೆ 130 ಮತ್ತೆ 32. ಮಧ್ಯರಾತ್ರಿ 12ರಿಂದ ಬೆಳಗ್ಗೆ 6ರವರೆಗೆ 10 ಪರ್ಸೆಂಟ್ ಜಾಸ್ತಿ. ಟೋಲು, ಜಿಎಸ್‌ಟಿ ಬೇರೆ.

3. ತಪ್ಪು ಯಾರದ್ದು? ಇಲ್ಲೇ ಸ್ವಲ್ಪ ಹೊತ್ತು ಕೂತು ಯೋಚ್ನೆ ಮಾಡಿ

ಇಡೀ ಗೈಡಲ್ಲಿ ಇದೇ ಮುಖ್ಯ.

ನಮ್ಮ ಏರಿಯಾ ಸ್ಟ್ಯಾಂಡಲ್ಲಿ ಕ್ಯಾಬ್ ನಿಲ್ಲಿಸೋ ಒಬ್ರು ಪರಿಚಯ ಇದಾರೆ, ಎರಡು ಫೋನು ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿರ್ತಾರೆ, ಒಂದೊಂದರಲ್ಲಿ ಒಂದೊಂದು ಆಪ್ ಆನ್. ಒಂದ್ಸಲ ಟ್ರಿಪ್ ಮುಗಿದ ಮೇಲೆ ನನ್ನ ಫೋನ್ ಅವರ ಫೋನ್ ಪಕ್ಕದಲ್ಲಿ ಇಟ್ಟು ನೋಡಿದ್ವಿ. ನನ್ನ ಸ್ಕ್ರೀನಲ್ಲಿ 412, ಅವರ ಸ್ಕ್ರೀನಲ್ಲಿ ನಿಮ್ಮ ಸಂಪಾದನೆ 318. ಅದೇ ರೈಡು, ಅದೇ ರಸ್ತೆ, ಅದೇ ಸಿಗ್ನಲ್ಲು. ನಾನು ಸಿಕ್ಕಾಪಟ್ಟೆ ಕೊಟ್ಟೆ ಅಂದ್ಕೊಂಡಿದ್ದೆ, ಅವರು ಇದ್ರಲ್ಲಿ ಗ್ಯಾಸಿಗೂ ಸಾಲದು ಅಂದ್ಕೊಂಡಿದ್ರು, ಎರಡೂ ನಿಜವೇ. ಒಬ್ಬರ ಸ್ಕ್ರೀನ್ ಇನ್ನೊಬ್ರಿಗೆ ಕಾಣದ ಹಾಗೆ ಇರೋದ್ರಿಂದ ನಾವು ಪರಸ್ಪರ ಬೈಕೊಳ್ತೀವಿ ಅಷ್ಟೇ. ನಿಮಗೂ ಹೇಳ್ತೀನಿ, ಜಗಳ ಆಗೋ ಹಾಗಿದ್ರೆ "ಅಣ್ಣ, ನಿಮ್ಮ ಕಡೆ ಎಷ್ಟು ತೋರಿಸ್ತಿದೆ?" ಅಂತ ಒಂದು ಮಾತು ಕೇಳಿ ನೋಡಿ. ಮುಕ್ಕಾಲು ಪಾಲು ಬಿಸಿ ಅಲ್ಲೇ ಇಳಿಯತ್ತೆ.

ಈಗ ಒಂದೊಂದೇ ನೋಡೋಣ.

ಡ್ರಾಪ್ ಎಲ್ಲಿಗೆ, ಕ್ಯಾಶಾ ಆನ್‌ಲೈನಾ ಅಂತ ಫೋನ್ ಮಾಡಿ ಕೇಳೋದು. ಇದು ಕಿರಿಕಿರಿ, ಆದ್ರೆ ಕಾರಣ ಇದೆ. ಆನ್‌ಲೈನ್ ದುಡ್ಡು ಕೆಲವು ಕಡೆ ತಡವಾಗಿ ಬರತ್ತೆ, ಹಳೇ ಬಾಕಿ ಹಿಡ್ಕೊಂಡು ಬರತ್ತೆ, ಸಂಜೆ ಗ್ಯಾಸ್ ಹಾಕಿಸೋಕೆ ಕೈಯಲ್ಲಿ ಕಾಸು ಬೇಕು. ಕೇಳಿದ್ದು ತಪ್ಪಲ್ಲ ಅಂತೀನಿ. ಆದ್ರೆ ಕೇಳಿ, ಇಷ್ಟ ಆಗದೆ, ತಾನು ಕ್ಯಾನ್ಸಲ್ ಮಾಡದೆ "ನೀವೇ ಕ್ಯಾನ್ಸಲ್ ಮಾಡಿ" ಅನ್ನೋದಿದೆಯಲ್ಲ, ಅದು ಚಾಲಕನ ತಪ್ಪೇ. ಯಾಕಂದ್ರೆ ಕ್ಯಾನ್ಸಲ್ ಯಾರು ಮಾಡ್ತಾರೋ ಅವರ ತಲೆಗೆ ಫೀಸು, ರೇಟಿಂಗ್ ಹೊಡೆತ ಬೀಳೋ ಹಾಗೆ ಆಪ್ ಮಾಡಿಟ್ಟಿದೆ, ಅದನ್ನ ನಿಮ್ಮ ಮೇಲೆ ದಾಟಿಸ್ತಿದಾರೆ. ಕ್ಯಾನ್ಸಲ್ ಮಾಡೋದೇ ಆದ್ರೆ ಕಾರಣ ಕೇಳುವಾಗ "ಚಾಲಕರು ಬರಲ್ಲ ಅಂದ್ರು" ಅನ್ನೋದನ್ನೇ ಒತ್ತಿ, "ಪ್ಲಾನ್ ಬದಲಾಯ್ತು" ಅಂತ ಅವಸರದಲ್ಲಿ ಒತ್ತಬೇಡಿ, ಒತ್ತಿದ್ರೆ ಆಮೇಲೆ ಫೀಸ್ ವಾಪಸ್ ಕೇಳೋಕೆ ಆಧಾರವೇ ಇರಲ್ಲ.

ಹತ್ತಿದ ಮೇಲೆ ಆಪಲ್ಲಿ ತೋರಿಸಿದ್ದಕ್ಕಿಂತ 50 ಜಾಸ್ತಿ ಕೊಡಿ ಅನ್ನೋದು, ಒಂದ್ಸಲ ಒಪ್ಕೊಂಡ ರೇಟ್ ಮುರಿಯೋದು. ಚಾಲಕನ ತಪ್ಪು. ಮಳೆ, ಟ್ರಾಫಿಕ್ ಅಂತ ಕಾರಣ ಹೇಳಿದ್ರೂ ಹತ್ತೋಕೆ ಮುಂಚೆ ಹೇಳ್ಬೇಕಿತ್ತು.

ಪಿಕಪ್ ಹತ್ರ ಬಂದು ಅರ್ಧ ಕಿಲೋಮೀಟರ್ ದೂರದಲ್ಲೇ ನಿಂತು ನೀವು ಬರಲಿಲ್ಲ ಅಂತ ಫೀಸ್ ಹಾಕೋದು. ಚಾಲಕನದ್ದೂ ಹೌದು, ಅದನ್ನ ತಡೀದೇ ಇರೋ ಆಪಿನದ್ದೂ ಹೌದು. ಜಿಪಿಎಸ್ ಎಲ್ಲಿತ್ತು ಅಂತ ಕಂಪನಿಗೆ ಗೊತ್ತಿರತ್ತೆ, ಕಂಪ್ಲೇಂಟಲ್ಲಿ "ನಿಮ್ಮ ಜಿಪಿಎಸ್ ದಾಖಲೆ ನೋಡಿ" ಅಂತ ಬರೀರಿ ಸಾಕು.

ಬುಕ್ ಆಗೋಕೆ ಮುಂಚೆಯೇ ಟಿಪ್ ಸೇರಿಸಿ, ಬೇಗ ಸಿಗತ್ತೆ ಅಂತ ಬಟನ್ ತೋರಿಸೋದು. ಇದು ಪೂರ್ತಿ ಕಂಪನಿ ಕೆಲಸ. ಟಿಪ್ ಅಂದ್ರೆ ಸೇವೆ ಆದ ಮೇಲೆ ಖುಷಿಯಿಂದ ಕೊಡೋದು, ಮೊದಲೇ ಕಿತ್ಕೊಳ್ಳೋದಲ್ಲ. 2025ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಅಂದ್ರೆ ಸಿಸಿಪಿಎ, ಇದೇ ವಿಷಯಕ್ಕೆ ಊಬರ್‌ಗೆ ನೋಟಿಸ್ ಕೊಟ್ಟಿತ್ತು. ಚಾಲಕನನ್ನ ಇದಕ್ಕೆ ಬೈದು ಪ್ರಯೋಜನ ಇಲ್ಲ, ಆ ಬಟನ್ ಅವರು ಇಟ್ಟಿದ್ದಲ್ಲ.

5 ನಿಮಿಷದಲ್ಲಿ ಆಟೋ, ಇಲ್ಲಾಂದ್ರೆ 50 ರೂಪಾಯಿ ಅನ್ನೋ ತರದ ಜಾಹೀರಾತು. ರಾಪಿಡೋಗೆ ಇದೇ ಜಾಹೀರಾತಿಗೆ 2025ರ ಆಗಸ್ಟಲ್ಲಿ ಸಿಸಿಪಿಎ 10 ಲಕ್ಷ ದಂಡ ಹಾಕ್ತು, ಯಾರಿಗೆ 50 ರೂಪಾಯಿ ಬರಬೇಕಿತ್ತೋ ಅವರಿಗೆ ಕೊಡಿ ಅಂತಲೂ ಹೇಳ್ತು. ಸಣ್ಣ ಮೊತ್ತ ಅಂತ ನಾವು ಬಿಡೋದೇ ಇವರಿಗೆ ಲಾಭ, ಅದಕ್ಕೆ ಈ ಕೇಸ್ ನೆನಪಲ್ಲಿಟ್ಕೊಳ್ಳಿ.

ಒಂದೇ ಜಾಗ, ಒಂದೇ ಹೊತ್ತು, ಎರಡು ಫೋನಲ್ಲಿ ಎರಡು ರೇಟು. 2025ರ ಜನವರಿಯಲ್ಲಿ ಐಫೋನಿಗೊಂದು ಆಂಡ್ರಾಯ್ಡಿಗೊಂದು ರೇಟ್ ತೋರಿಸ್ತೀರಾ ಅಂತ ಓಲಾ, ಊಬರ್ ಎರಡಕ್ಕೂ ಸಿಸಿಪಿಎ ನೋಟಿಸ್ ಹೋಗಿತ್ತು, ಫೋನ್ ನೋಡಿ ರೇಟ್ ಹಾಕಲ್ಲ ಅಂತ ಎರಡೂ ಕಂಪನಿ ಹೇಳಿದ್ವು. ನಿಮಗೆ ಹೀಗೆ ಕಂಡ್ರೆ ಎರಡೂ ಸ್ಕ್ರೀನ್‌ಶಾಟ್ ಟೈಮ್ ಸಮೇತ ತೆಗೆದಿಟ್ಕೊಳ್ಳಿ, ಇದೂ ಕಂಪನಿ ಮೇಲಿನ ದೂರೇ.

ಇನ್ನು ನಮ್ಮ ತಪ್ಪುಗಳು. ಮೂರು ಆಪಲ್ಲಿ ಒಟ್ಟಿಗೆ ಬುಕ್ ಮಾಡಿ ಬೇಗ ಬಂದಿದ್ದನ್ನ ಹತ್ತಿ ಉಳಿದಿದ್ದನ್ನ ಬಿಡೋದು, ಚಾಲಕ ಗೇಟ್ ಹತ್ರ ಬಂದ ಮೇಲೆ "ಎರಡೇ ನಿಮಿಷ" ಅಂತ ಹತ್ತು ನಿಮಿಷ ಕಾಯ್ಸೋದು, ನಾಲ್ಕು ಜನರನ್ನ ಆಟೋಗೆ ತುರುಕೋದು, ರೀಫಂಡ್ ಸಿಗ್ಲಿ ಅಂತ ಕೆಟ್ಟದಾಗಿ ಓಡಿಸಿದ್ರು ಅಂತ ಸುಳ್ಳು ಬರೆಯೋದು. ಕೊನೇದು ಎಲ್ಲಕ್ಕಿಂತ ಕೆಟ್ಟದು, ಅದರ ಬಗ್ಗೆ ಕೊನೇಲಿ ಬರೀತೀನಿ.

ಈ ಕ್ಯಾನ್ಸಲ್ ವಿಷಯಕ್ಕೆ ಕೇಂದ್ರ ಸರ್ಕಾರ 2025ರ ಜುಲೈಯಲ್ಲಿ ಹೊಸ ಮಾರ್ಗಸೂಚಿ ತಂತು. ಸರಿಯಾದ ಕಾರಣ ಇಲ್ದೆ ಕ್ಯಾನ್ಸಲ್ ಮಾಡಿದ್ರೆ ಚಾಲಕನಿಗಾಗ್ಲಿ ಪ್ಯಾಸೆಂಜರ್‌ಗಾಗ್ಲಿ ಬಾಡಿಗೆಯ 10 ಪರ್ಸೆಂಟ್, 100 ರೂಪಾಯಿ ಮೀರದ ಹಾಗೆ. ಸ್ವಂತ ಗಾಡಿ ಓಡಿಸೋ ಚಾಲಕನಿಗೆ ಬಾಡಿಗೇಲಿ ಕನಿಷ್ಠ 80 ಪರ್ಸೆಂಟ್ ಸಿಗಬೇಕು ಅಂತಲೂ ಅದ್ರಲ್ಲಿದೆ. ಮಾರ್ಗಸೂಚಿ ಅಂದ್ರೆ ರಾಜ್ಯ ಅಳವಡಿಸ್ಕೊಂಡ್ರೆ ಮಾತ್ರ ಜಾರಿ, ಆದ್ರೂ ಕಂಪ್ಲೇಂಟಲ್ಲಿ ಉಲ್ಲೇಖ ಮಾಡೋದ್ರಲ್ಲಿ ತಪ್ಪಿಲ್ಲ.

4. ಸಾಕ್ಷಿ ಎತ್ತಿಟ್ಕೊಳ್ಳಿ, ಬುಕ್ ಮಾಡಿದ ಕ್ಷಣದಿಂದ

ರೇಟ್ ಕಾಣೋ ಸ್ಕ್ರೀನ್, ಚಾಲಕ ಸಿಕ್ಕ ಮೇಲಿನ ಸ್ಕ್ರೀನ್ (ಗಾಡಿ ನಂಬರ್, ಎಷ್ಟು ನಿಮಿಷ ಅಂತ ಇರತ್ತಲ್ಲ), ಚಾಟ್, ಕಾಲ್ ಲಾಗ್, ಕೊನೇ ಬಿಲ್, ಯುಪಿಐ ರಸೀದಿ. ಇಷ್ಟರದ್ದೂ ಸ್ಕ್ರೀನ್‌ಶಾಟ್. ರೈಡ್ ಐಡಿ ಮರೀಬೇಡಿ, ಕಸ್ಟಮರ್ ಕೇರ್ ಮೊದಲು ಕೇಳೋದೇ ಅದು. ಕೆಲವು ಆಪಲ್ಲಿ ಕ್ಯಾನ್ಸಲ್ ಆದ ರೈಡ್ ಹಿಸ್ಟರಿಯಲ್ಲಿ ಹುಡುಕಿದ್ರೂ ಸಿಗೋದು ಕಷ್ಟ, ಹಾಗಾಗಿ ಆಗಲೇ ತೆಗೀರಿ.

ಆಪಲ್ಲಿರೋ ಗಾಡಿ ನಂಬರ್ ಬೇರೆ ಬಂದಿರೋ ಗಾಡಿ ಬೇರೆ, ಅಥವಾ ಫೋಟೋದಲ್ಲಿರೋರು ಬೇರೆ ಓಡಿಸ್ತಿರೋರು ಬೇರೆ ಅಂದ್ರೆ ಹತ್ತಲೇಬೇಡಿ. "ನಮ್ಮ ತಮ್ಮನ ಐಡಿ ಮೇಡಂ, ಏನೂ ಆಗಲ್ಲ" ಅಂತಾರೆ, ನಿಜವೇ ಇರಬಹುದು, ಆದ್ರೆ ಏನಾದ್ರೂ ಆದ್ರೆ ಗಾಡಿ ಓಡಿಸಿದ್ದು ಯಾರು ಅನ್ನೋ ದಾಖಲೆಯೇ ಇರಲ್ಲ. ಆಟೋದಲ್ಲಿ ಚಾಲಕರ ಸೀಟ್ ಹಿಂದೆ ಪೊಲೀಸ್ ಕೊಟ್ಟ ಡಿಸ್‌ಪ್ಲೇ ಕಾರ್ಡ್ ಇರ್ಬೇಕು, ಅದರ ಫೋಟೋ ತೆಗೆದು ಮನೆಯವರಿಗೆ ಕಳ್ಸೋದು ಒಳ್ಳೇ ಅಭ್ಯಾಸ.

ಒಂದು ಮಾತ್ರ ಮಾಡ್ಬೇಡಿ. ಚಾಲಕರ ಮುಖದ ವಿಡಿಯೋ ತೆಗೆದು ನೇರವಾಗಿ ಸೋಶಿಯಲ್ ಮೀಡಿಯಾಗೆ ಹಾಕೋದು. ವಿಡಿಯೋ ಇರ್ಲಿ, ಪೊಲೀಸ್ರಿಗೋ ಕಂಪನಿಗೋ ಕೊಡಿ. ಊರಿಗೆಲ್ಲಾ ತೋರಿಸಿದ ಮೇಲೆ ವಿಷಯ ಬಾಡಿಗೆಯಿಂದ ಭಾಷೆಗೆ ಹೋಗತ್ತೆ, ಯಾವ ರಾಜ್ಯದವರು ಅನ್ನೋದಕ್ಕೆ ಹೋಗತ್ತೆ, ನಿಮ್ಮ ಕಂಪ್ಲೇಂಟ್ ಎಲ್ಲೋ ಕಳೆದುಹೋಗತ್ತೆ.

5. ಸ್ಥಳದಲ್ಲೇ ಹೇಗೆ ಮಾತಾಡ್ಬೇಕು

ಏಕವಚನ ಬೇಡ. ಅವರು ಏಕವಚನಕ್ಕೆ ಇಳಿದ್ರೂ ನೀವು ಬೇಡ. ಬೆಂಗಳೂರಲ್ಲಿ ಮುಕ್ಕಾಲು ಜಗಳ ದುಡ್ಡಿಗಿಂತ "ಏನ್ ನೀನು" ಅನ್ನೋ ಒಂದು ಪದಕ್ಕೇ ಹೊತ್ಕೊಳ್ಳೋದು.

ಜಾಸ್ತಿ ಕೇಳಿದ್ರೆ "ಅಣ್ಣ, ಆಪಲ್ಲಿ 142 ಇದೆ, ಅಷ್ಟಕ್ಕೇ ಬರೋದಾದ್ರೆ ಹತ್ತುತೀನಿ, ಇಲ್ಲಾಂದ್ರೆ ನೀವೇ ಕ್ಯಾನ್ಸಲ್ ಮಾಡಿ, ಬೇಜಾರಿಲ್ಲ" ಅಂತ ಹತ್ತೋಕೆ ಮುಂಚೆ ಹೇಳಿ ಮುಗಿಸಿ. ಜಾಸ್ತಿ ಕೊಡ್ತೀನಿ ಅಂತ ತಲೆ ಆಡಿಸಿ ಹತ್ತಿ, ಇಳಿಯುವಾಗ ಆಪ್ ರೇಟೇ ಕೊಡ್ತೀನಿ ಅನ್ನೋದು ಮಾತ್ರ ಸರಿಯಲ್ಲ, ಒಪ್ಕೊಂಡ್ರೆ ಕೊಡಿ, ಇಲ್ಲಾಂದ್ರೆ ಒಪ್ಕೊಳ್ಳೋದೇ ಬೇಡ. ಮಧ್ಯದಲ್ಲಿ ಜಗಳ ಶುರುವಾದ್ರೆ ಬೆಳಕಿರೋ, ಜನ ಇರೋ ಜಾಗದಲ್ಲಿ, ಪೆಟ್ರೋಲ್ ಬಂಕೋ ಹೋಟ್ಲೋ ಮೆಟ್ರೋ ಸ್ಟೇಷನ್ನೋ ನೋಡಿ ಇಳೀರಿ, ಅಲ್ಲಿವರೆಗೆ ಆದ ಮೀಟರ್ ದುಡ್ಡು ಕೊಟ್ಟುಬಿಡಿ. ಹೆದರಿಸಿದ್ರೆ, ಬಾಗಿಲು ಲಾಕ್ ಮಾಡಿದ್ರೆ, ದಾರಿ ಬದಲಾಯ್ಸಿದ್ರೆ ಅಲ್ಲಿ ವಾದ ಬೇಡ, 112ಕ್ಕೆ ಫೋನ್ ಮಾಡಿ, ಆಪಲ್ಲಿರೋ ಎಮರ್ಜೆನ್ಸಿ ಬಟನ್ ಕೂಡ ಒತ್ತಿ.

6. ಆಪ್ ಒಳಗೆ ಕಂಪ್ಲೇಂಟ್ ಬರೆಯೋದು

ಆ ಹೆಲ್ಪ್ ಪುಟದಲ್ಲಿ ಹತ್ತಾರು ಆಯ್ಕೆ ಇರತ್ತೆ, ನಿಮ್ಮ ಸಮಸ್ಯೆ ಮಾತ್ರ ಇರಲ್ಲ. ಹತ್ರದ್ದು ಒಂದು ಆರಿಸ್ಕೊಂಡು, ಬರೆಯೋ ಜಾಗ ಸಿಕ್ಕಿದ ಕೂಡ್ಲೇ ನೇರವಾಗಿ ಬರೀರಿ. ಸಿಟ್ಟಲ್ಲಿ ಉದ್ದ ಬರೆದ್ರೆ ಓದಲ್ಲ. ಹೀಗಿರ್ಲಿ:

"ರೈಡ್ ಐಡಿ ಇಷ್ಟು, ತಾರೀಕು ಇಷ್ಟು, ಬೆಳಗ್ಗೆ 9.10ಕ್ಕೆ ಬುಕ್ ಮಾಡಿದ್ದು. ಚಾಲಕರು 9.14ಕ್ಕೆ ಫೋನ್ ಮಾಡಿ ಬರೋದಿಲ್ಲ, ನೀವೇ ಕ್ಯಾನ್ಸಲ್ ಮಾಡಿ ಅಂದರು. ಕ್ಯಾನ್ಸಲ್ ಮಾಡಿದ್ದಕ್ಕೆ ನನಗೆ 60 ರೂಪಾಯಿ ಶುಲ್ಕ ಬಿದ್ದಿದೆ. ಗಾಡಿ ಪಿಕಪ್ ಕಡೆಗೆ ಬಂದೇ ಇಲ್ಲ, ನಿಮ್ಮ ಜಿಪಿಎಸ್ ದಾಖಲೆಯಲ್ಲಿ ನೋಡಬಹುದು. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಶುಲ್ಕವನ್ನು ನನ್ನ ಬ್ಯಾಂಕ್ ಖಾತೆಗೆ ವಾಪಸ್ ಮಾಡಬೇಕು, ಕೂಪನ್ ಬೇಡ."

ಕೊನೇ ಸಾಲು ಮುಖ್ಯ. 2024ರ ಅಕ್ಟೋಬರಲ್ಲಿ ಸಿಸಿಪಿಎ ಓಲಾಗೆ ಹೇಳಿದ್ದೇ ಇದು, ರೀಫಂಡ್ ಅಂದ್ರೆ ಬರೀ ಕೂಪನ್ ಕೊಟ್ಟು ಮುಗಿಸೋ ಹಾಗಿಲ್ಲ, ಬ್ಯಾಂಕ್ ಖಾತೆಗಾ ಕೂಪನ್ನಾ ಅಂತ ಗ್ರಾಹಕನೇ ಆರಿಸ್ಕೊಳ್ಳೋಕೆ ಬಿಡ್ಬೇಕು. ಆಟೋ ರೈಡಿಗೂ ಬಿಲ್ ಕೊಡಬೇಕು ಅಂತಲೂ ಅದೇ ಆದೇಶದಲ್ಲಿತ್ತು. ಕೂಪನ್ ಕೊಟ್ರೆ ಆ ದುಡ್ಡು ಮತ್ತೆ ಅವರ ಹತ್ರನೇ ಖರ್ಚಾಗ್ಬೇಕು, ಅದು ನಿಮ್ಮ ದುಡ್ಡು ವಾಪಸ್ ಬಂದ ಹಾಗಲ್ಲ.

ತಪ್ಪು ಕಂಪನಿದಾದ್ರೆ ಚಾಲಕನ ಹೆಸರು ಮಧ್ಯ ತರಬೇಡಿ. "ಚಾಲಕರ ವರ್ತನೆ ಬಗ್ಗೆ ದೂರಿಲ್ಲ, ದೂರು ಆಪ್ ತೋರಿಸಿದ ದರದ ಬಗ್ಗೆ" ಅಂತ ಸ್ಪಷ್ಟವಾಗಿ ಬರೀರಿ. ಬರೀದಿದ್ರೆ ಕಂಪನಿಯವರು ಸುಲಭ ದಾರಿ ಹಿಡೀತಾರೆ, ಚಾಲಕನ ಮೇಲೆ ಕ್ರಮ ತಗೊಂಡಿದೀವಿ ಅಂತ ಉತ್ತರ ಕಳ್ಸಿ ಫೈಲ್ ಮುಚ್ತಾರೆ.

ಮೆಷಿನ್ ಉತ್ತರ ಬಂದು ನಿಂತುಹೋದ್ರೆ ಆಪ್ ಅಥವಾ ವೆಬ್‌ಸೈಟ್ ಕೆಳಗಡೆ ಗ್ರೀವೆನ್ಸ್ ಆಫೀಸರ್ (ದೂರು ನೋಡ್ಕೊಳ್ಳೋ ಅಧಿಕಾರಿ) ಅಂತ ಹುಡುಕಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಹೆಸರು, ಹುದ್ದೆ, ಸಂಪರ್ಕದ ವಿವರ ಸಮೇತ ಹಾಕಿರಲೇಬೇಕು, ದೂರು ತಲುಪಿದೆ ಅಂತ 48 ಗಂಟೆಯೊಳಗೆ ಹೇಳ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಅವರಿಗೆ ಇಮೇಲ್ ಮಾಡಿ, ಕಳ್ಸಿದ ದಿನ ಬರೆದಿಟ್ಕೊಳ್ಳಿ.

7. ಅಲ್ಲೂ ಆಗಲಿಲ್ಲ ಅಂದ್ರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡ್ತಾರೆ. ಫೋನಲ್ಲೇ ಕಂಪ್ಲೇಂಟ್ ಬರ್ಕೊಂಡು ಕಂಪನಿಗೆ ಕಳಿಸ್ತಾರೆ, ನಿಮಗೊಂದು ನಂಬರ್ ಬರತ್ತೆ. ಇದು ಕೋರ್ಟ್ ಅಲ್ಲ, ಆದ್ರೆ ಕಸ್ಟಮರ್ ಕೇರಲ್ಲಿ ಕದಲದೇ ಇದ್ದ ರೀಫಂಡ್ ಇಲ್ಲಿಂದ ಕದಲಿದ್ದುಂಟು. ಸಿಸಿಪಿಎ ರಾಪಿಡೋ ವಿಷಯಕ್ಕೆ ಕೈ ಹಾಕಿದಾಗಲೂ ಇಲ್ಲಿಗೆ ಬಂದ ದೂರುಗಳನ್ನೇ ಲೆಕ್ಕಕ್ಕೆ ತಗೊಂಡಿದ್ದು. ಅಂದ್ರೆ ನಿಮ್ಮ 50 ರೂಪಾಯಿ ಕಂಪ್ಲೇಂಟ್ ಒಂಟಿಯಾಗಿ ಸಣ್ಣದು, ಸಾವಿರ ಜನರದ್ದು ಸೇರಿದ್ರೆ ಅದೇ ಕೇಸು.

ಟಿಪ್ ಬಟನ್, ಕೊನೇ ಕ್ಷಣದಲ್ಲಿ ಸೇರಿಕೊಳ್ಳೋ ಚಾರ್ಜು, ನಿಮ್ಮನ್ನ ಕೇಳದೇ ಟಿಕ್ ಆಗಿರೋ ಇನ್ಶೂರೆನ್ಸು, ಇವೆಲ್ಲಾ 2023ರ ನವೆಂಬರಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನ ದಾರಿ ತಪ್ಪಿಸೋ ಹಾಗೆ ಆಪ್ ಮಾಡಿಡೋದು) ಮಾರ್ಗಸೂಚಿ ಅಡಿ ಪ್ರಶ್ನೆ ಮಾಡಬಹುದಾದವು. ಅದರಲ್ಲಿ 13 ಬಗೆಯ ಕಳ್ಳಾಟಗಳ ಪಟ್ಟಿ ಇದೆ, ಇಂಥದ್ದಿದ್ರೆ 1915ರಲ್ಲಿ ಡಾರ್ಕ್ ಪ್ಯಾಟರ್ನ್ ಅಂತಲೇ ಹೇಳಿ.

ಮೊತ್ತ ದೊಡ್ಡದಿದ್ರೆ, ಅಥವಾ ವಿಮಾನ ತಪ್ಪೋ ಹಾಗೆ ಆಗಿ ನಷ್ಟ ಆಗಿದ್ರೆ, ಜಿಲ್ಲಾ ಗ್ರಾಹಕರ ಆಯೋಗ. ಇ-ಜಾಗೃತಿ ಅನ್ನೋ ಪೋರ್ಟಲಲ್ಲಿ ಮನೇಲಿ ಕೂತೇ ಹಾಕಬಹುದು, ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಫೀಸ್ ಇಲ್ಲ, ಲಾಯರ್ ಇರಲೇಬೇಕು ಅಂತಿಲ್ಲ, ಘಟನೆ ಆಗಿ ಎರಡು ವರ್ಷದೊಳಗೆ ಹಾಕ್ಬೇಕು.

ಮೀಟರ್ ಹಾಕಲ್ಲ ಅನ್ನೋದು, ಬರಲ್ಲ ಅನ್ನೋದು, ಮೀಟರ್ ತಿದ್ದಿರೋದು, ಇವಕ್ಕೆ ಟ್ರಾಫಿಕ್ ಪೊಲೀಸು ಮತ್ತೆ ಆರ್‌ಟಿಓ. ಬೆಂಗಳೂರು ಟ್ರಾಫಿಕ್ ಪೊಲೀಸರ ಅಸ್ತ್ರಂ ಆಪಲ್ಲಿ ಗಾಡಿ ನಂಬರ್ ಸಮೇತ ಹಾಕಬಹುದು.

8. ಲೈಂಗಿಕ ಕಿರುಕುಳ ಆಗಿದ್ರೆ ಮೇಲಿನ ಕ್ರಮ ಬೇಡ, ಇದು ಬೇರೆ

ಇಲ್ಲಿ ಮೊದಲು ಪೊಲೀಸು, ಆಮೇಲೆ ಆಪು. ಕನ್ನಡಿಯಲ್ಲಿ ನೋಡ್ತಾ ಅಸಹ್ಯವಾಗಿ ಮಾತಾಡಿದ್ದು, ವಿಡಿಯೋ ತೋರಿಸಿದ್ದು, ಮುಟ್ಟಿದ್ದು, ರೈಡ್ ಮುಗಿದ ಮೇಲೆ ನಂಬರಿಗೆ ಮೆಸೇಜ್ ಮಾಡ್ತಾನೇ ಇರೋದು, ಯಾವುದನ್ನೂ ಸಣ್ಣದು ಅಂತ ಬಿಡಬೇಡಿ. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಲೈಂಗಿಕ ಕಿರುಕುಳಕ್ಕೆ, 78 ಹಿಂಬಾಲಿಸಿ ಕಾಡೋದಕ್ಕೆ, ಮೆಸೇಜಲ್ಲಿ ಕಾಡೋದೂ ಅದರಲ್ಲೇ ಬರತ್ತೆ. ಯಾವ ಸ್ಟೇಷನ್ ವ್ಯಾಪ್ತಿ ಅಂತ ಗೊತ್ತಿಲ್ದಿದ್ರೂ ಹತ್ರದ ಸ್ಟೇಷನಲ್ಲಿ ಜೀರೋ ಎಫ್‌ಐಆರ್ ಹಾಕಿಸಬಹುದು. ಪೇಮೆಂಟ್ ಯುಪಿಐ ಮಾಡಿದ್ರೆ ನಿಮ್ಮ ಹೆಸರು, ಕೆಲವು ಸಲ ನಂಬರ್ ಕೂಡ ಆ ಕಡೆಗೆ ಹೋಗತ್ತೆ, ಅದಕ್ಕೆ ಒಬ್ಬರೇ ಓಡಾಡೋ ಹೆಣ್ಮಕ್ಕಳು ಫೋನ್ ನಂಬರ್ ಇಲ್ಲದ ಯುಪಿಐ ಐಡಿ ಇಟ್ಕೊಳ್ಳೋದು ಒಳ್ಳೇದು. ನೇರ ಪಾವತಿ ಲೆಕ್ಕ ಬಂದ ಮೇಲೆ ಈ ವಿಷಯದ ಬಗ್ಗೆ ಕಂಪನಿಗಳು ಇನ್ನೂ ಹೆಚ್ಚು ಯೋಚ್ನೆ ಮಾಡ್ಬೇಕಿತ್ತು.

ಕಂಪನಿಗೆ ಜವಾಬ್ದಾರಿ ಇದೆಯಾ ಇಲ್ವಾ ಅನ್ನೋದು ನಮ್ಮ ಹೈಕೋರ್ಟಲ್ಲೇ ದೊಡ್ಡ ಪ್ರಶ್ನೆ ಆಗಿದೆ. 2018ರಲ್ಲಿ ಓಲಾ ಕ್ಯಾಬಲ್ಲಿ ಕಿರುಕುಳ ಆಯ್ತು ಅಂತ ಒಬ್ಬ ಮಹಿಳೆ ದೂರು ಕೊಟ್ಟಿದ್ರು, ಚಾಲಕ ನಮ್ಮ ಉದ್ಯೋಗಿ ಅಲ್ಲ ಅಂತ ಕಂಪನಿಯ ಆಂತರಿಕ ಸಮಿತಿ (ಲೈಂಗಿಕ ಕಿರುಕುಳದ ದೂರು ವಿಚಾರಿಸೋದು) ತನಿಖೆ ಮಾಡಲಿಲ್ಲ. 2024ರ ಸೆಪ್ಟೆಂಬರಲ್ಲಿ ಏಕಸದಸ್ಯ ಪೀಠ ಅದನ್ನ ಒಪ್ಪದೆ ತನಿಖೆ ಮಾಡಿ, 5 ಲಕ್ಷ ಪರಿಹಾರ ಕೊಡಿ ಅಂತು. ಸ್ವಲ್ಪ ದಿನದಲ್ಲೇ ವಿಭಾಗೀಯ ಪೀಠ ಅದಕ್ಕೆ ತಡೆ ಕೊಡ್ತು. ನನ್ನ ಪ್ರಕಾರ ಮೊದಲ ತೀರ್ಪಿನ ದಾರಿಯೇ ಸರಿ. ಚಾಲಕನನ್ನ ಆರಿಸಿ ನಿಮ್ಮ ಮನೆ ಬಾಗಿಲಿಗೆ ಕಳ್ಸೋದು ಕಂಪನಿ, ಬೇಡ ಅಂದ್ರೆ ಒಂದೇ ಕ್ಲಿಕ್ಕಲ್ಲಿ ತೆಗೆದುಹಾಕೋದೂ ಕಂಪನಿ, ಅಷ್ಟು ಅಧಿಕಾರ ಇರೋರು ತನಿಖೆ ಹೊತ್ತಿಗೆ ಮಾತ್ರ ನಮಗೆ ಸಂಬಂಧ ಇಲ್ಲ ಅನ್ನೋ ಹಾಗಿಲ್ಲ. ತೀರ್ಪು ಏನೇ ಆಗ್ಲಿ, ನೀವು ಕಂಪನಿಗೆ ಬರೆಯುವಾಗ ಆಂತರಿಕ ಸಮಿತಿಗೆ ಅಂತ ಹೆಸರಿಸಿಯೇ ಲಿಖಿತ ದೂರು ಕೊಡಿ, ಎಫ್‌ಐಆರ್ ಪ್ರತಿ ಜೊತೆಗಿಡಿ.

9. ರೇಟಿಂಗ್ ಕೊಡುವಾಗ, ಚಾಲಕರ ಕಡೆಯಿಂದ ಒಂದ್ಸಲ ನೋಡಿ

ನಿಮ್ಮ ಒಂದು ಸ್ಟಾರು ನಿಮಗೆ ಅರ್ಧ ಸೆಕೆಂಡಿನ ಕೆಲಸ. ಅವರಿಗೆ ಬುಕಿಂಗ್ ಕಡಿಮೆ ಆಗತ್ತೆ, ಇನ್ನೂ ಇಳಿದ್ರೆ ಐಡಿ ಬ್ಲಾಕು, ಗಾಡಿ ಇಎಂಐ ಮಾತ್ರ ನಿಲ್ಲಲ್ಲ. ರೇಟ್ ಜಾಸ್ತಿ ಆಯ್ತು, ಟ್ರಾಫಿಕ್ ಇತ್ತು, ಮ್ಯಾಪ್ ಸುತ್ತಾಡಿಸ್ತು, ಇವಕ್ಕೆ ಚಾಲಕನ ಸ್ಟಾರ್ ಕಮ್ಮಿ ಮಾಡ್ಬೇಡಿ. ಅಪಾಯ ಆಗೋ ಹಾಗೆ ಓಡಿಸಿದ್ರೆ, ಫೋನಲ್ಲಿ ವಿಡಿಯೋ ನೋಡ್ತಾ ಓಡಿಸಿದ್ರೆ, ಅವಮಾನ ಮಾಡಿದ್ರೆ ಖಂಡಿತ ಕಮ್ಮಿ ಮಾಡಿ, ಕಾರಣನೂ ಬರೀರಿ.

ಸುಳ್ಳು ಕಂಪ್ಲೇಂಟ್ ಬಗ್ಗೆ ಕೊನೇಲಿ ಬರೀತೀನಿ ಅಂದಿದ್ದೆ. "ಕುಡಿದು ಓಡಿಸ್ತಿದ್ರು" ಅಂತ 80 ರೂಪಾಯಿ ರೀಫಂಡಿಗೆ ಬರೆದ್ರೆ ಆ ಕ್ಷಣದಲ್ಲೇ ಐಡಿ ನಿಲ್ಲಿಸ್ತಾರೆ, ವಿಚಾರಣೆ ಆಮೇಲೆ, ಅದೂ ಆದ್ರೆ. ಒಂದು ಮನೆಯ ದುಡಿಮೆ ಅಷ್ಟು ದಿನ ನಿಂತ್ಹೋಗತ್ತೆ. ಇದನ್ನ ಮಾಡೋರು ಬೇರೆ ಯಾವ ಅನ್ಯಾಯದ ಬಗ್ಗೆಯೂ ಮಾತಾಡೋ ಹಕ್ಕು ಕಳ್ಕೊಳ್ತಾರೆ.

ಚಾಲಕರು ಯಾರಾದ್ರೂ ಓದ್ತಿದ್ರೆ ನಿಮಗೂ ಕಾನೂನು ಇದೆ. ಗಿಗ್ ಕಾರ್ಮಿಕರ (ಅಂದ್ರೆ ನಿಮ್ಮ ಹಾಗೆ ಆಪ್ ಮೂಲಕ ದುಡಿಯೋರ) ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರ ಮೇನಲ್ಲಿ ಸುಗ್ರೀವಾಜ್ಞೆ ತಂದು ಅದೇ ವರ್ಷ ಕಾಯ್ದೆ ಮಾಡ್ತು. ಪ್ರತಿ ಟ್ರಿಪ್ಪಲ್ಲಿ ನಿಮಗೆ ಕೊಡೋ ದುಡ್ಡಿನ ಮೇಲೆ 1ರಿಂದ 5 ಪರ್ಸೆಂಟ್ ಒಳಗೆ ಒಂದು ಕಲ್ಯಾಣ ಶುಲ್ಕ ಕಂಪನಿ ಕಟ್ಟಬೇಕು, ಅದು ಕಂಪನಿ ಕಡೆಯಿಂದ, ನಿಮ್ಮ ಜೇಬಿಂದ ಅಲ್ಲ. ಯಾರಿಗಾದ್ರೂ ಮೈಕೈಗೆ ಪೆಟ್ಟಾದಂಥ ವಿಷಯ ಬಿಟ್ಟು ಬೇರೆ ಕಾರಣಕ್ಕೆ ಐಡಿ ತೆಗೀಬೇಕು ಅಂದ್ರೆ ಲಿಖಿತ ಕಾರಣ ಕೊಟ್ಟು 14 ದಿನ ಮುಂಚೆ ನೋಟಿಸ್ ಕೊಡ್ಬೇಕು. ಕೆಲಸ ಹಂಚೋದು, ರೇಟಿಂಗ್ ಲೆಕ್ಕ ಹಾಕೋದು ಯಾವ ಆಧಾರದ ಮೇಲೆ ಅಂತ ಕೇಳಿ ತಿಳ್ಕೊಳ್ಳೋ ಹಕ್ಕೂ ಇದೆ. ಐಡಿ ಬ್ಲಾಕ್ ಆದ ಮೆಸೇಜ್ ಅಳಿಸ್ಬೇಡಿ, ಸ್ಕ್ರೀನ್‌ಶಾಟ್ ತೆಗೀರಿ, ಕಾರಣ ಕೊಡಿ ಅಂತ ಇಮೇಲಲ್ಲಿ ಕೇಳಿ (ಆಫೀಸಿಗೆ ಹೋಗಿ ಬಾಯಲ್ಲಿ ಕೇಳಿದ್ದಕ್ಕೆ ದಾಖಲೆ ಇರಲ್ಲ), ಕಂಪನಿಯ ಆಂತರಿಕ ವ್ಯಾಜ್ಯ ಪರಿಹಾರ ಸಮಿತಿಗೆ ಕೊಡಿ, ಅಲ್ಲೂ ಆಗದಿದ್ರೆ ಕಾರ್ಮಿಕ ಇಲಾಖೆ. ಒಬ್ರೇ ಓಡಾಡೋಕಿಂತ ಯೂನಿಯನ್ ಜೊತೆ ಹೋಗಿ.

ಪ್ಯಾಸೆಂಜರ್‌ಗಳೂ ಇದರಲ್ಲಿ ಸಹಾಯ ಮಾಡಬಹುದು. ನಿಮ್ಮ ಕಂಪ್ಲೇಂಟಿಂದ ಚಾಲಕನ ಮೇಲೆ ಕ್ರಮ ಆಗಿ, ಆಮೇಲೆ ತಪ್ಪು ಅವರದ್ದಲ್ಲ ಅಂತ ನಿಮಗೇ ಗೊತ್ತಾದ್ರೆ, ಅದೇ ರೈಡ್ ಐಡಿ ಹಾಕಿ "ಈ ದೂರಲ್ಲಿ ಚಾಲಕರ ತಪ್ಪಿಲ್ಲ, ಅವರ ಮೇಲಿನ ಕ್ರಮ ವಾಪಸ್ ತಗೊಳ್ಳಿ" ಅಂತ ಗ್ರೀವೆನ್ಸ್ ಆಫೀಸರ್‌ಗೆ ಒಂದು ಇಮೇಲ್ ಹಾಕಿ. ಆ ಇಮೇಲ್ ಪ್ರತಿ ಸಮಿತಿ ಮುಂದೆ ಅವರಿಗೆ ಕೆಲಸಕ್ಕೆ ಬರತ್ತೆ.